ದೊಡ್ಡಆಲಹಳ್ಳಿಯ ದಾರಿಯಲ್ಲಿ ಒಮ್ಮೆ ಇಳಿದು ನೋಡಿ

ಸಹೋದರಿಯರೇ, ಮಕ್ಕಳಿಗೆ ರಜೆ ಬಂತೆಂದರೆ ನಿಮ್ಮ ಮನೆಯಲ್ಲೂ ಇದೇ ಚರ್ಚೆ ನಡೆಯುತ್ತಿರಬಹುದು. ಮೈಸೂರು ನೋಡಿ ಆಯಿತು. ಊಟಿಗೆ ಹೋದರೆ ಖರ್ಚು ಹೆಚ್ಚು. ಮನೆಯವರಿಗೆ ಎರಡು ದಿನಕ್ಕಿಂತ ಹೆಚ್ಚು ಬಿಡುವಿಲ್ಲ. ಅತ್ತೆಯವರಿಗೆ ಮೊಣಕಾಲು ನೋವು, ಮಕ್ಕಳಿಗೆ ನೀರು ಮತ್ತು ಬೆಟ್ಟ ಬೇಕು. ಕೊನೆಗೆ ಯಾವುದಾದರೊಂದು ಮಾಲ್‌ಗೆ ಹೋಗಿ ಐಸ್‌ಕ್ರೀಮ್ ತಿಂದು ಬರುವಲ್ಲಿಗೆ ಚರ್ಚೆ ಮುಗಿಯುತ್ತದೆ. ಈ ಸಲ ಹಾಗಾಗದಿರಲಿ. ಬೆಂಗಳೂರಿನಿಂದ ಕನಕಪುರದ ಬಸ್ಸು ಹತ್ತಿ. ಅಲ್ಲಿಂದ ಸಂಗಮದ ದಾರಿ ಹಿಡಿಯಿರಿ. ಆ ದಾರಿಯಲ್ಲಿ ದೊಡ್ಡಆಲಹಳ್ಳಿ ಎಂಬ ಊರು ಸಿಗುತ್ತದೆ.

ಹೆಸರನ್ನು ನೀವು ಕೇಳಿರಬಹುದು. 2023ರ ಮೇ ತಿಂಗಳಲ್ಲಿ ರಾಜ್ಯದ ಉಪಮುಖ್ಯಮಂತ್ರಿಯಾದ ಡಿ.ಕೆ. ಶಿವಕುಮಾರ್ ಅವರ ಹುಟ್ಟೂರು ಇದು. 2022ರ ಜನವರಿಯಲ್ಲಿ ಮೇಕೆದಾಟು ಪಾದಯಾತ್ರೆ ಸಂಗಮದಿಂದ ಹೊರಟಾಗ ಮೊದಲ ದಿನ ತಂಗಿದ್ದು ಇಲ್ಲಿಯೇ. ಆಗ ಒಂದೆರಡು ದಿನ ಟಿ.ವಿ.ಯವರೆಲ್ಲ ಈ ಊರಿನ ಹೆಸರು ಹೇಳಿದರು. ಅದನ್ನು ಬಿಟ್ಟರೆ ಇದು ಕನಕಪುರ ತಾಲೂಕಿನ ಬೇರೆ ಊರುಗಳಂತೆಯೇ. ರಾಗಿ ಹೊಲ, ಹಿಪ್ಪುನೇರಳೆ ತೋಟ, ರೇಷ್ಮೆಹುಳು ಸಾಕುವ ಮನೆಗಳು, ದೂರಕ್ಕೆ ಕಾಣುವ ಬೋಳು ಬಂಡೆಯ ಗುಡ್ಡಗಳು. ಇದೇ ಭಾಗದಲ್ಲಿ ಅರ್ಕಾವತಿಗೆ ಕಟ್ಟಿದ ಹಾರೋಬೆಲೆ ಜಲಾಶಯವಿದೆ, ಹಾರೋಬೆಲೆ ಕ್ರೈಸ್ತರ ಹಳೆಯ ಊರು. ಮುಂದಕ್ಕೆ ಹೋದಂತೆ ಕಾವೇರಿ ವನ್ಯಜೀವಿ ಧಾಮದ ಕಾಡು.

ಶನಿವಾರ, ಭಾನುವಾರ ಬಂದರೆ ಬೆಂಗಳೂರಿನ ಕಾರುಗಳೂ ಬೈಕುಗಳೂ ಈ ದಾರಿಯಲ್ಲಿ ಸಾಲುಗಟ್ಟುತ್ತವೆ. ಬೆಳಿಗ್ಗೆ ಸಂಗಮದ ಕಡೆಗೆ, ಸಂಜೆ ಬೆಂಗಳೂರಿನ ಕಡೆಗೆ. ನಡುವಿನ ಊರುಗಳಲ್ಲಿ ಇಳಿಯುವವರು ಕಡಿಮೆ. ಇಳಿದರೂ ಒಂದು ಚಹಾ, ಒಂದು ಬಾಟಲಿ ನೀರು, ಅಷ್ಟೇ. ಪ್ರವಾಸೋದ್ಯಮ ಬೆಳೆದರೆ ಹಳ್ಳಿ ಉದ್ಧಾರವಾಗುತ್ತದೆ ಎಂದು ಎಲ್ಲ ಸರಕಾರಗಳೂ ಹೇಳುತ್ತಾ ಬಂದಿವೆ. ಆದರೆ ಪ್ರವಾಸಿಗರು ಹಾದುಹೋಗುವುದು ಬೇರೆ, ಪ್ರವಾಸಿಗರಿಂದ ಊರಿನ ಮನೆಗಳಿಗೆ ನಾಲ್ಕು ಕಾಸು ಬರುವುದು ಬೇರೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಜಿಲ್ಲೆಯನ್ನು ಒಂದು ಸುತ್ತು ಹಾಕೋಣ.

ಜಿಲ್ಲೆ ಎಂದರೆ ಯಾವುದು ಎಂದು ಕೇಳುತ್ತೀರಾ? ಕನಕಪುರ, ರಾಮನಗರ, ಚನ್ನಪಟ್ಟಣ, ಮಾಗಡಿ ತಾಲೂಕುಗಳನ್ನು ಸೇರಿಸಿ 2007ರಲ್ಲಿ ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಹೆಸರಿಟ್ಟರು. ಹೆಸರು ಬದಲಾಗುವುದು ಇಲ್ಲಿಯವರಿಗೆ ಹೊಸದೇನಲ್ಲ. ರಾಮನಗರ ಪಟ್ಟಣ ಟಿಪ್ಪು ಸುಲ್ತಾನರ ಕಾಲದಲ್ಲಿ ಶಂಸೇರಾಬಾದ್ ಆಗಿತ್ತು. ಬ್ರಿಟಿಷರ ಕಾಲದಲ್ಲಿ ಬ್ಯಾರಿ ಕ್ಲೋಸ್ ಎಂಬ ರೆಸಿಡೆಂಟರ ಹೆಸರಿನಲ್ಲಿ ಕ್ಲೋಸ್‌ಪೇಟೆ ಆಯಿತು. ಕನಕಪುರವೂ ಹಿಂದೆ ಕಾನಕಾನಹಳ್ಳಿ.

ಮೊದಲು ಸಂಗಮ. ಕನಕಪುರದಿಂದ ಸುಮಾರು 35 ಕಿ.ಮೀ. ನಂದಿ ಬೆಟ್ಟದ ಕಡೆಯಿಂದ ಹರಿದು ಬರುವ ಅರ್ಕಾವತಿ ಇಲ್ಲಿ ಕಾವೇರಿಯನ್ನು ಸೇರುತ್ತದೆ. ಹರಿಗೋಲಿನಲ್ಲಿ ನದಿ ದಾಟಿ, ಆಚೆ ದಡದಲ್ಲಿ ಕಾಯುವ ಹಳೆಯ ಬಸ್ಸು ಹತ್ತಿ ಕಾಡಿನ ದಾರಿಯಲ್ಲಿ ನಾಲ್ಕು ಕಿ.ಮೀ.ನಷ್ಟು ಕುಲುಕಾಡಿದರೆ ಮೇಕೆದಾಟು. ಅಗಲವಾಗಿ ಹರಿಯುತ್ತಿದ್ದ ಕಾವೇರಿ ಇಲ್ಲಿ ಇದ್ದಕ್ಕಿದ್ದಂತೆ ಬಂಡೆಗಳ ನಡುವಿನ ಕಿರಿದಾದ ಸೀಳಿನೊಳಗೆ ನುಗ್ಗುತ್ತದೆ. ಮೇಕೆ ಹಾರಿ ದಾಟುವಷ್ಟು ಇಕ್ಕಟ್ಟು ಎಂಬುದರಿಂದ ಆ ಹೆಸರು. ನೀರಿನ ಸದ್ದಿಗೆ ಪಕ್ಕದವರ ಮಾತು ಕೇಳಿಸುವುದಿಲ್ಲ.

ಮಕ್ಕಳಿದ್ದರೆ ಒಂದು ಮಾತು ನೆನಪಿಡಿ. ಮೇಲೆ ಶಾಂತವಾಗಿ ಕಾಣುವ ನೀರಿನ ಅಡಿಯಲ್ಲಿ ಬಂಡೆಯ ಪೊಟರೆಗಳೂ ಸುಳಿಗಳೂ ಇವೆ. ಈಜು ಬಲ್ಲ ಯುವಕರೇ ಇಲ್ಲಿ ಜೀವ ಕಳೆದುಕೊಂಡಿದ್ದಾರೆ. ಅರ್ಕಾವತಿಯ ನೀರಿಗಂತೂ ಮಕ್ಕಳನ್ನು ಇಳಿಸಬೇಡಿ. ಬೆಂಗಳೂರಿನ ಕೊಳಚೆಯನ್ನು ಹೊತ್ತು ತರುವ ವೃಷಭಾವತಿ ಈ ನದಿಗೇ ಸೇರುತ್ತದೆ.

ಸರಕಾರ ಇಲ್ಲಿ ಏನೂ ಮಾಡಿಲ್ಲವೆಂದಲ್ಲ. ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ಹೋಟೆಲ್ ಸಂಗಮದಲ್ಲಿದೆ. ಸ್ವಲ್ಪ ಆಚೆ ಗಾಳಿಬೋರೆಯಲ್ಲಿ ಸರಕಾರದ್ದೇ ಸಂಸ್ಥೆಯಾದ ಜಂಗಲ್ ಲಾಡ್ಜಸ್‌ನ ಶಿಬಿರವಿದೆ, ನದಿಯ ದಂಡೆಯಲ್ಲಿ ಗುಡಾರ, ಮರದ ನೆರಳಿನಲ್ಲಿ ಊಟ. ಚೆನ್ನಾಗಿಯೇ ಇದೆ. ಆದರೆ ಅಲ್ಲಿಯ ಒಂದು ರಾತ್ರಿಯ ದರಕ್ಕೆ ಐದು ಮಂದಿಯ ಸಂಸಾರವನ್ನು ಗುಣಿಸಿ ನೋಡಿದರೆ ನಮ್ಮಂಥವರು ಹೊರಗಿನಿಂದಲೇ ನೋಡಿ ಬರುವುದೆಂದು ತೀರ್ಮಾನಿಸುತ್ತೇವೆ. ಹೆಂಗಸರಿಗೆ ಬೇಕಾದುದು ಗುಡಾರವಲ್ಲ. ಬಾಗಿಲಿಗೆ ಚಿಲಕವಿರುವ, ನೀರು ಬರುವ ಶೌಚಾಲಯ. ಒದ್ದೆಯಾದ ಮಗುವಿನ ಬಟ್ಟೆ ಬದಲಿಸಲು ಒಂದು ಮರೆ. ವುಝೂ ಮಾಡಿ ಅಸ್ರ್ ನಮಾಝ್ ನಿರ್ವಹಿಸಲು ಚಾಪೆ ಹಾಸುವಷ್ಟು ಜಾಗ. ಈ ಕಾರಣಗಳಿಗಾಗಿಯೇ ಎಷ್ಟು ಮನೆಗಳ ಹೆಂಗಸರು ಪ್ರವಾಸ ಎಂದರೆ ಬೆಳಗಿನಿಂದ ನೀರು ಕುಡಿಯದೆ ಇರುವುದು ಎಂದು ಅಭ್ಯಾಸ ಮಾಡಿಕೊಂಡಿದ್ದಾರೆ! ಪ್ರವಾಸೋದ್ಯಮ ನೀತಿ ಬರೆಯುವ ಮೇಜಿನ ಸುತ್ತ ಇದನ್ನು ಅನುಭವಿಸಿದವರು ಎಷ್ಟು ಮಂದಿ ಕುಳಿತಿರುತ್ತಾರೋ?

ಇನ್ನೊಂದು ವಿಷಯ. ಮೇಕೆದಾಟು ಅಣೆಕಟ್ಟಿನ ಯೋಜನೆ ಕಾರ್ಯಗತವಾದರೆ ಈ ಸಂಗಮ ಈಗಿನ ರೂಪದಲ್ಲಿ ಉಳಿಯುವುದಿಲ್ಲ. ಸುಮಾರು 67 ಟಿ.ಎಂ.ಸಿ. ನೀರು ನಿಲ್ಲಿಸುವ ಈ ಯೋಜನೆಯಲ್ಲಿ ಸುಮಾರು 5 ಸಾವಿರ ಹೆಕ್ಟೇರ್ ಮುಳುಗುತ್ತದೆ, ಅದರಲ್ಲಿ ಬಹುಪಾಲು ಕಾಡು. ಬೆಂಗಳೂರಿಗೆ ಕುಡಿಯುವ ನೀರು ಬೇಕು ಎಂಬುದು ಒಂದು ಕಡೆಯ ನ್ಯಾಯ. ತಮಿಳುನಾಡಿನ ಆಕ್ಷೇಪ ಇನ್ನೊಂದು ಕಡೆ. ಇವೆರಡರ ನಡುವೆ ಆ ಕಾಡಿನ ಅಂಚಿನ ಊರುಗಳವರ ಮಾತು ಸಣ್ಣದಾಗಿ ಕೇಳಿಸುತ್ತದೆ. ಹರಿಗೋಲು ನಡೆಸುವವರೂ ದಡದಲ್ಲಿ ಮೀನು ಹುರಿದು ಮಾರುವವರೂ ಅವರಲ್ಲಿ ಸೇರಿದ್ದಾರೆ.

ಮಾರನೆಯ ದಿನ ಸಾತನೂರಿನ ಮೇಲೆ ಚನ್ನಪಟ್ಟಣಕ್ಕೆ ಹೋಗಿ. ದಾರಿಯಲ್ಲಿ ಕಬ್ಬಾಳು ಸಿಗುತ್ತದೆ. ಶಂಕುವಿನಂತೆ ಎದ್ದು ನಿಂತ ಒಂಟಿ ಬೆಟ್ಟ ಕಬ್ಬಾಳದುರ್ಗ. ಬುಡದಲ್ಲಿ ಕಬ್ಬಾಳಮ್ಮನ ಗುಡಿಗೆ ಬರುವ ಜನಸಂದಣಿ ದೊಡ್ಡದು. ಮೇಲಿನ ಕೋಟೆಗೆ ಹತ್ತುವವರು ಕಡಿಮೆ. ಮೈಸೂರು ಅರಸರ ಕಾಲದಲ್ಲಿ ಇದು ಸೆರೆಮನೆಯಾಗಿತ್ತು. 1734ರಲ್ಲಿ ಪದಚ್ಯುತನಾದ ಅರಸ ಚಾಮರಾಜ ಒಡೆಯರನ್ನೇ ಇಲ್ಲಿಗೆ ಕಳಿಸಿದರು, ಅವರು ಇಲ್ಲಿಯೇ ತೀರಿಕೊಂಡರು. ಟಿಪ್ಪು ಕಾಲದಲ್ಲಿ ಇದಕ್ಕೆ ಜಾಫರಾಬಾದ್ ಎಂಬ ಹೆಸರಿತ್ತು. ಮೊಣಕಾಲು ನೋವಿನವರು ಕೆಳಗಿನಿಂದ ನೋಡಿದರೆ ಸಾಕು.

ಚನ್ನಪಟ್ಟಣದಲ್ಲಿ ಮಾತ್ರ ಅರ್ಧ ದಿನವಾದರೂ ಇರಬೇಕು. ಬೊಂಬೆಗಳ ಊರು ಎಂದು ಎಲ್ಲರಿಗೂ ಗೊತ್ತು. ಬೊಂಬೆಗೆ ಮೊದಲು ಪಟ್ಟಣದ ಉತ್ತರಕ್ಕಿರುವ ಎರಡು ದೊಡ್ಡ ಗೋರಿಗಳನ್ನು ನೋಡಿ ಬನ್ನಿ. ಒಂದು ಟಿಪ್ಪು ಸುಲ್ತಾನರು ತಮ್ಮ ಗುರು ಅಕಿಲ್ ಶಾ ಖಾದ್ರಿ ಅವರ ನೆನಪಿಗೆ ಕಟ್ಟಿಸಿದ್ದು. ಇನ್ನೊಂದು ಬೆಂಗಳೂರು ಕೋಟೆಯ ಅಧಿಕಾರಿಯಾಗಿದ್ದ ಸೈಯದ್ ಇಬ್ರಾಹೀಮರದು. ಗೋರಿಗಳ ಸಂದರ್ಶನದ ಬಗ್ಗೆ ನಮ್ಮ ನಮ್ಮ ಮನೆಗಳಲ್ಲಿ ಅಭಿಪ್ರಾಯಗಳು ಬೇರೆ ಬೇರೆ. ನಾನಿಲ್ಲಿ ಹೇಳುತ್ತಿರುವುದು ಚರಿತ್ರೆಯ ಮಾತು. ಈ ಸೈಯದ್ ಇಬ್ರಾಹೀಮರ ಬಗ್ಗೆ ಬ್ರಿಟಿಷರ ಗೆಝೆಟಿಯರ್‌ನಲ್ಲಿ ಏನು ಬರೆದಿದೆ ಗೊತ್ತೇ? ಯುದ್ಧದಲ್ಲಿ ಸೆರೆಸಿಕ್ಕ ಕೈದಿಗಳೊಡನೆ ಮಾನವೀಯವಾಗಿ ನಡೆದುಕೊಂಡದ್ದಕ್ಕಾಗಿ ಹೆಸರಾದವರು ಎಂದು. ಟಿಪ್ಪುವಿನೊಡನೆ ಹೋರಾಡಿದವರೇ ಟಿಪ್ಪುವಿನ ಅಧಿಕಾರಿಯ ಬಗ್ಗೆ ಬರೆದ ಮಾತಿದು. ಟಿಪ್ಪು ಹೆಸರೆತ್ತಿದರೆ ಜಗಳವಾಗುವ ಈ ಕಾಲದಲ್ಲಿ, ಮಕ್ಕಳನ್ನು ಆ ಗೋರಿಯ ಮುಂದೆ ನಿಲ್ಲಿಸಿ ಈ ಒಂದು ವಿಷಯ ಹೇಳಿದರೂ ಪ್ರಯಾಣದ ಖರ್ಚು ಸಾರ್ಥಕ. ಇದನ್ನು ಎರಡು ಸಾಲಿನಲ್ಲಿ ಹೇಳುವ ಫಲಕ ಹೆದ್ದಾರಿಯ ಬದಿಯಲ್ಲಿ ನಿಲ್ಲಿಸಲು ಸರಕಾರಕ್ಕೆ ಎಷ್ಟು ಹಣ ಬೇಕಾದೀತು?

ಇನ್ನು ಬೊಂಬೆ. ಪರ್ಷಿಯಾದಿಂದ ಬಂದ ಅರಗಿನ ಬಣ್ಣದ ವಸ್ತುವನ್ನು ಮೆಚ್ಚಿ ಟಿಪ್ಪು ಅಲ್ಲಿಯ ಕುಶಲಕರ್ಮಿಗಳನ್ನು ಕರೆಸಿ ಇಲ್ಲಿಯವರಿಗೆ ಕಲಿಸಿದರು ಎಂದು ಊರಿನವರು ಹೇಳುತ್ತಾರೆ. ಆಮೇಲೆ ಬಾವಾಸ್ ಮಿಯಾ ಎಂಬವರು ಜಪಾನಿನ ವಿಧಾನಗಳನ್ನು ತಂದು ಅಳವಡಿಸಿ ಈ ಕಸುಬಿಗೆ ಹೊಸ ಜೀವ ಕೊಟ್ಟರು. ಮರ ಹಾಲೆಮರ. ಬೆಳ್ಳಗೆ, ಹಗುರ, ಎಳೆ ಬಿಡದ ಮರ. ಅದನ್ನು ಕೆಲವು ತಿಂಗಳು ಒಣಗಿಸಿ, ತುಂಡು ಮಾಡಿ, ಲೇತ್ ಯಂತ್ರಕ್ಕೆ ಕೊಟ್ಟು ಉಳಿಯಿಂದ ರೂಪ ಕೊಡುತ್ತಾರೆ. ತಿರುಗುತ್ತಿರುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ನಂತರ ತಾಳೆಗರಿಯಿಂದ ಉಜ್ಜುತ್ತಾರೆ, ಕನ್ನಡಿಯಂತೆ ಹೊಳಪು ಬರುತ್ತದೆ. ಕುಂಚವೂ ಇಲ್ಲ, ವಾರ್ನಿಶ್ ಡಬ್ಬಿಯೂ ಇಲ್ಲ. ಹಲ್ಲು ಬರುವ ಮಗು ಬಾಯಿಗಿಟ್ಟರೂ ಭಯವಿಲ್ಲ ಎಂದು ಈ ಬೊಂಬೆಗೆ ಹೆಸರು ಬಂದದ್ದು ಅರಗು ಮತ್ತು ಗಿಡಮೂಲದ ಬಣ್ಣಗಳಿಂದ.

ಈ ಕೆಲಸವನ್ನು ಗಂಡಸರ ಕಸುಬೆಂದು ತಿಳಿಯಬೇಡಿ. ಮುಸ್ಲಿಮ್ ಮನೆಗಳಲ್ಲೂ ಇತರ ಮನೆಗಳಲ್ಲೂ ಹೆಂಗಸರು ಲೇತಿನ ಮುಂದೆ ಕೂರುತ್ತಾರೆ, ಬಣ್ಣ ಹಾಕುತ್ತಾರೆ, ಕಣ್ಣು ಮೂಗು ಬರೆಯುತ್ತಾರೆ, ಮಣಿ ಪೋಣಿಸುತ್ತಾರೆ, ಡಬ್ಬಿಗೆ ತುಂಬುತ್ತಾರೆ. ಅಡುಗೆ ಮುಗಿಸಿ, ಮಕ್ಕಳನ್ನು ಶಾಲೆಗೆ ಕಳಿಸಿ, ಮಧ್ಯಾಹ್ನದ ಹೊತ್ತು ಮನೆಯ ಹಜಾರದಲ್ಲೇ ನಡೆಯುವ ಕೆಲಸವಾದ್ದರಿಂದ ಇದು ಲೆಕ್ಕಕ್ಕೆ ಬರುವುದು ಕಡಿಮೆ.

ಸರಕಾರದ ನೆರವು ಈ ಊರಿಗೆ ಬಂದಿದೆ. ಅರಗಿನ ಕುಶಲಕರ್ಮಿಗಳಿಗಾಗಿ 32 ಲೇತ್ ಯಂತ್ರಗಳಿರುವ ಸಂಕೀರ್ಣ ಕಟ್ಟಿದರು. ರಾಜ್ಯದ ವಿಶ್ವ ಯೋಜನೆಯಿಂದಲೂ ಡಚ್ ಸರಕಾರದಿಂದಲೂ ಹಣ ಸಿಕ್ಕಿತು. 2005-06ರಲ್ಲಿ ಭೌಗೋಳಿಕ ಗುರುತು ದೊರೆಯಿತು, ಅಂದರೆ ಬೇರೆ ಊರಿನಲ್ಲಿ ಮಾಡಿದ್ದನ್ನು ಚನ್ನಪಟ್ಟಣದ ಬೊಂಬೆ ಎಂದು ಮಾರುವಂತಿಲ್ಲ. ಚೀನಾದ ಪ್ಲಾಸ್ಟಿಕ್ ಆಟಿಕೆಗಳನ್ನು ತಡೆಯಲು ಕೇಂದ್ರ ಸರಕಾರ 2021ರ ಜನವರಿಯಿಂದ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯ ಮಾಡಿದಾಗ, ನೋಂದಾಯಿತ ಕುಶಲಕರ್ಮಿಗಳಿಗೆ ಅದರಿಂದ ವಿನಾಯಿತಿಯನ್ನೂ ಕೊಟ್ಟಿತು. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬೊಂಬೆ ಮಾಡುವುದೂ ಒಂದು. ತರಬೇತಿ, ಉಪಕರಣಕ್ಕೆ 15 ಸಾವಿರ ರೂಪಾಯಿ, 5 ಶೇಕಡಾ ಬಡ್ಡಿಗೆ ಮೊದಲು 1 ಲಕ್ಷ, ಅದನ್ನು ತೀರಿಸಿದವರಿಗೆ 2 ಲಕ್ಷದವರೆಗೆ ಸಾಲ.

ಒಳ್ಳೆಯ ಯೋಜನೆಯೇ. ಆದರೆ ಅದರಲ್ಲೊಂದು ನಿಯಮವಿದೆ: ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ ನೋಂದಣಿ. ಗಂಡ ಲೇತ್ ತಿರುಗಿಸಿ ಹೆಂಡತಿ ಬಣ್ಣ ಕಟ್ಟುವ ಮನೆಯಲ್ಲಿ ಆ ಒಬ್ಬರು ಯಾರಾಗುತ್ತಾರೆ ಎಂದು ನಿಮಗೆ ಹೇಳಬೇಕಾಗಿಲ್ಲ. ನಮ್ಮ ಓದುಗರಲ್ಲಿ ಈ ಕಸುಬಿನ ಸಹೋದರಿಯರಿದ್ದರೆ ಅವರಿಗೆ ಒಂದು ಸಲಹೆ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿ ಕೊಡುವ ಕುಶಲಕರ್ಮಿ ಗುರುತಿನ ಚೀಟಿಯನ್ನು ನಿಮ್ಮ ಹೆಸರಿನಲ್ಲಿಯೇ ಮಾಡಿಸಿಕೊಳ್ಳಿ. ಮೇಳಗಳಲ್ಲಿ ಮಳಿಗೆ ಬೇಕಾದರೆ ಕೇಳುವುದು ಈ ಚೀಟಿಯನ್ನೇ. ಚೀಟಿ ಇಲ್ಲದಿದ್ದರೆ ನಲವತ್ತು ವರ್ಷ ಬೊಂಬೆ ಮಾಡಿದ ಕೈಯೂ ಸರಕಾರದ ದಾಖಲೆಯಲ್ಲಿ ಗೃಹಿಣಿಯ ಕೈ ಮಾತ್ರ.

ಇಷ್ಟೆಲ್ಲ ನೆರವು ಕೊಟ್ಟ ಕೈಯೇ ಇನ್ನೊಂದು ಕಡೆಯಿಂದ ಹೊಡೆತ ಕೊಟ್ಟಿತು. 2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ಹತ್ತು ಪಥಗಳ ಹೆದ್ದಾರಿ ಉದ್ಘಾಟನೆಯಾಯಿತು. ಮೂರು ಗಂಟೆಯ ದಾರಿ ಒಂದೂವರೆ ಗಂಟೆಯದಾಯಿತು ಎಂದು ಎಲ್ಲರೂ ಸಂತೋಷಪಟ್ಟರು. ಆದರೆ ಆ ಹೆದ್ದಾರಿ ರಾಮನಗರ, ಚನ್ನಪಟ್ಟಣಗಳ ಒಳಗೆ ಬರುವುದಿಲ್ಲ, ಹೊರಗಿನಿಂದ ಹಾದುಹೋಗುತ್ತದೆ. ಹಳೆಯ ರಸ್ತೆಯ ಎರಡೂ ಬದಿಯಲ್ಲಿ ಸಾಲಾಗಿದ್ದ ಬೊಂಬೆ ಅಂಗಡಿಗಳ ಮುಂದೆ ಮೊದಲು ಮಕ್ಕಳು ಹಟ ಮಾಡಿ ಕಾರು ನಿಲ್ಲಿಸುತ್ತಿದ್ದರು. ಈಗ ಆ ಮಕ್ಕಳು ಬೇಲಿಯಾಚೆಯ ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ಮೈಸೂರಿಗೆ ಹೋಗುತ್ತಿದ್ದಾರೆ. ಅಂಗಡಿಯವರ ವ್ಯಾಪಾರ ಕುಸಿಯಿತು. ಅಂಗಡಿಯಲ್ಲಿ ಮಾರಾಟವಿಲ್ಲದಿದ್ದರೆ ಮನೆಯ ಹಜಾರದ ಲೇತ್ ನಿಲ್ಲುತ್ತದೆ. ಲೇತ್ ನಿಂತರೆ ಮಗ ಬಿಡದಿಯ ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಾನೆ. ಹಾಗೆ ಹೋದವನು ಮತ್ತೆ ಉಳಿ ಹಿಡಿಯಲು ಬರುವುದು ಅಪರೂಪ. ಸಾವಿರಾರು ಕೋಟಿ ರೂಪಾಯಿಯ ರಸ್ತೆ ಕಟ್ಟುವಾಗ, ಊರಿನ ಬಳಿ ಬೊಂಬೆ ಮಾಡುವವರಿಗೇ ಮಳಿಗೆ ಕೊಟ್ಟು ಒಂದು ತಂಗುದಾಣ ಮಾಡಲು ಯಾರಿಗೂ ಮೊದಲೇ ಹೊಳೆಯಲಿಲ್ಲವೇ?

ಚನ್ನಪಟ್ಟಣದಿಂದ ರಾಮನಗರ ಹತ್ತಿರ. ನಡುವೆ ಹಳೆಯ ರಸ್ತೆಯ ಬದಿಯಲ್ಲಿಯೇ ಜಾನಪದ ಲೋಕವಿದೆ. ಐ.ಎ.ಎಸ್. ಅಧಿಕಾರಿಯಾಗಿದ್ದ ಎಚ್.ಎಲ್. ನಾಗೇಗೌಡರು ಕಟ್ಟಿದ ಇದು 1994ರಲ್ಲಿ ಆರಂಭವಾಯಿತು. ಬೀಸುವ ಕಲ್ಲು, ಒನಕೆ, ಮೊರ, ಕಡೆಗೋಲು, ನಮ್ಮ ಅಜ್ಜಿಯರ ಕೈಯಲ್ಲಿದ್ದುದೆಲ್ಲ ಇಲ್ಲಿ ಗಾಜಿನ ಹಿಂದೆ ಹೋಗಿ ಕುಳಿತಿವೆ. ಮಕ್ಕಳಿಗೆ ತೋರಿಸಲು ಇಷ್ಟು ಒಳ್ಳೆಯ ಜಾಗ ಈ ದಾರಿಯಲ್ಲಿ ಇನ್ನೊಂದಿಲ್ಲ.

ರಾಮನಗರ ಎಂದೊಡನೆ ಗಂಡಸರು ಶೋಲೆ ಸಿನಿಮಾದ ಮಾತೆತ್ತುತ್ತಾರೆ. 1975ರ ಆಗಸ್ಟ್ 15ರಂದು ತೆರೆಕಂಡ ಆ ಚಿತ್ರದ ಚಿತ್ರೀಕರಣ ನಡೆದದ್ದು ರಾಮದೇವರ ಬೆಟ್ಟದ ಸುತ್ತ. ಅಲ್ಲಿ ಕಟ್ಟಿದ ಸಿನಿಮಾದ ಹಳ್ಳಿ ಈಗಿಲ್ಲ. 2018-19ರ ಸಮ್ಮಿಶ್ರ ಸರಕಾರದ ಕಾಲದಲ್ಲಿ ಶೋಲೆ ಹೆಸರಿನಲ್ಲಿ ಪ್ರವಾಸಿ ಕೇಂದ್ರ ಮಾಡುವ ಮಾತು ಬಂತು, ಪರಿಸರದವರು ವಿರೋಧಿಸಿದರು. ಕಾರಣ, 2012ರಲ್ಲಿಯೇ ಈ ಬೆಟ್ಟವನ್ನು ರಣಹದ್ದುಗಳ ಧಾಮವೆಂದು ಘೋಷಿಸಲಾಗಿದೆ, ದೇಶದಲ್ಲಿ ಅಂಥದ್ದು ಇದೇ ಮೊದಲು. ಉಳಿದಿರುವ ಕೆಲವೇ ರಣಹದ್ದುಗಳಿಗೆ ಬೇಕಾದುದು ಸದ್ದಿಲ್ಲದ ಬಂಡೆ.

ಇಲ್ಲಿ ನೋಡಲೇಬೇಕಾದುದು ರೇಷ್ಮೆಗೂಡಿನ ಮಾರುಕಟ್ಟೆ. ಏಷ್ಯಾದಲ್ಲಿಯೇ ದೊಡ್ಡದೆಂದು ಹೆಸರು. ಬೆಳಿಗ್ಗೆ ಬೇಗ ಹೋಗಬೇಕು. ದೊಡ್ಡಆಲಹಳ್ಳಿಯ ಕಡೆಯ ಮನೆಗಳಲ್ಲಿ ಹೆಂಗಸರು ರಾತ್ರಿ ಎದ್ದು ಸೊಪ್ಪು ಹಾಕಿ ಸಾಕಿದ ಹುಳು, ಚಂದ್ರಿಕೆಯ ಮೇಲೆ ಕಟ್ಟಿದ ಗೂಡು, ಇಂಥ ಮಾರುಕಟ್ಟೆಗಳ ತಟ್ಟೆಗಳಿಗೆ ಬಂದು ಬೀಳುತ್ತದೆ. ಅದನ್ನು ಕೊಂಡು ನೂಲು ತೆಗೆಯುವ ರೀಲರ್‌ಗಳಲ್ಲಿ ಮುಸ್ಲಿಮರೇ ಹೆಚ್ಚು. ಬೆಳೆಯುವವರು ಒಕ್ಕಲಿಗರು, ನೂಲು ತೆಗೆಯುವವರು ಮುಸ್ಲಿಮರು, ನೇಯುವವರು ಇನ್ನೊಬ್ಬರು. ಒಬ್ಬರನ್ನು ಬಿಟ್ಟು ಇನ್ನೊಬ್ಬರಿಗೆ ಒಂದು ದಿನ ಸಾಗುವುದಿಲ್ಲ. ಇದು ಇಂದಿನದಲ್ಲ. 1786ರಲ್ಲಿ ಟಿಪ್ಪು ಶ್ರೀರಂಗಪಟ್ಟಣದ ಕಿಲ್ಲೇದಾರರಿಗೆ ಬರೆದ ಪತ್ರವೊಂದಿದೆ. ರೇಷ್ಮೆಹುಳು ತರಲು ಬಂಗಾಳಕ್ಕೆ ಕಳಿಸಿದ್ದ ಇಬ್ಬರು ಹಿಂದಿರುಗುತ್ತಿದ್ದಾರೆ, ಹುಳುಗಳನ್ನು ಇಡಲು ತಕ್ಕ ಜಾಗ ನೋಡಿ ಎಂಬುದು ಅದರ ಸಾರ. ಆ ಇಬ್ಬರ ಹೆಸರು ಬುರ್ಹಾನುದ್ದೀನ್ ಮತ್ತು ಕಸ್ತೂರಿ ರಂಗ.

ನಿಮ್ಮ ಮದುವೆಯ ಸೀರೆಯ ಎಳೆ ಹೊರಡುವುದು ಕುದಿಯುವ ನೀರಿನಿಂದ. ಗೂಡುಗಳನ್ನು ಬಿಸಿನೀರಿನಲ್ಲಿ ಬೇಯಿಸಿ, ಎಳೆಯ ತುದಿ ಹುಡುಕಿ, ಹಲವು ಗೂಡುಗಳ ಎಳೆಗಳನ್ನು ಒಂದಾಗಿಸಿ ರಾಟೆಗೆ ಸುತ್ತುತ್ತಾರೆ. ಬೇಸಿನ್ ಮುಂದೆ ಕೂರುವ ಹೆಂಗಸರ ಬೆರಳುಗಳನ್ನು ನೋಡಿ. ಚರ್ಮ ಬೆಳ್ಳಗೆ ನೆನೆದು ಸುಲಿದಿರುತ್ತದೆ. ಸತ್ತ ಹುಳುವಿನ ವಾಸನೆ ಮೊದಲ ಸಲ ಹೋದವರಿಗೆ ತಡೆಯಲಾಗುವುದಿಲ್ಲ. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ರೇಷ್ಮೆ ಉದ್ಯಮದಲ್ಲಿ ಜೀತಕ್ಕಿದ್ದ ಮಕ್ಕಳ ಬಗ್ಗೆ ವರದಿ ಪ್ರಕಟಿಸಿದಾಗ ಅದರಲ್ಲಿ ರಾಮನಗರ, ಮಾಗಡಿಗಳ ಹೆಸರೂ ಇತ್ತು. ಈ ಭಾಗದ ಪರಂಪರೆಯನ್ನು ತೋರಿಸುವುದಾದರೆ ಇದನ್ನೂ ಮುಚ್ಚಿಡಬಾರದು. ಸ್ವಯಂಚಾಲಿತ ಯಂತ್ರಗಳಿಗೆ ಸರಕಾರ ಸಹಾಯಧನ ಕೊಡುತ್ತಿದೆ, ಅದರಿಂದ ಕೈ ಸುಡುವುದು ತಪ್ಪೀತು. ಆದರೆ ದೊಡ್ಡ ಯಂತ್ರಕ್ಕೆ ಬಂಡವಾಳ ಹಾಕಲಾಗದ ಸಣ್ಣ ರೀಲರ್‌ನ ಮನೆಯಲ್ಲಿ ಒಲೆ ಹೊತ್ತಿಸುವ ದಾರಿ ಯಾವುದೆಂಬುದನ್ನೂ ಅವರೇ ಯೋಚಿಸಬೇಕು.

ಕೊನೆಗೆ ಮಾಗಡಿ. ಕೆಂಪೇಗೌಡರ ವಂಶದವರು ಆಳಿದ ಊರು. ಮಾಗಡಿ ತಾಲೂಕಿನ ಕೆಂಪಾಪುರದಲ್ಲಿ ಕೆಂಪೇಗೌಡರ ಸಮಾಧಿಯನ್ನು ಗುರುತಿಸಿದ್ದು 2015ರಲ್ಲಿ, ಅಲ್ಲಿಯವರೆಗೆ ಅದು ಯಾರ ಕಣ್ಣಿಗೂ ಬೀಳದೆ ಹಳ್ಳಿಯ ಬದಿಯಲ್ಲಿತ್ತು. ಬೆಂಗಳೂರು ವಿಮಾನ ನಿಲ್ದಾಣದ ಬಳಿ ಅವರ 108 ಅಡಿಯ ಪ್ರತಿಮೆ 2022ರ ನವೆಂಬರಿನಲ್ಲಿ ಎದ್ದು ನಿಂತಿತು. ಮನಸ್ಸು ಮಾಡಿದರೆ ಸರಕಾರದ ಬಳಿ ಹಣವಿದೆ ಎಂಬುದಕ್ಕೆ ಇಷ್ಟು ಸಾಕು.

ಸಾವನದುರ್ಗದ ಬುಡಕ್ಕೆ ಹೋಗಿ ನಿಲ್ಲಿ. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನಿಂದ ಗೆದ್ದುಕೊಂಡ ಕೋಟೆ ಇದರ ಮೇಲಿದೆ. ಕೆಳಗೆ ವೀರಭದ್ರನ ಗುಡಿ, ನರಸಿಂಹನ ಗುಡಿ, ಅಲ್ಲಿಯೇ ಸೈಯದ್ ಗುಲಾಮ್ ಖಾದ್ರಿಯವರ ದರ್ಗಾ. ಒಂದೇ ಬಂಡೆಯ ನೆರಳು ಮೂರಕ್ಕೂ ಬೀಳುತ್ತದೆ.

ಸುತ್ತು ಮುಗಿಯಿತು. ಈಗ ದೊಡ್ಡಆಲಹಳ್ಳಿಯ ಮಾತಿಗೆ ಬರೋಣ. ರಾಜ್ಯ ಸರಕಾರದ 2024-29ರ ಪ್ರವಾಸೋದ್ಯಮ ನೀತಿ ಬಂದಿದೆ. ಸ್ಮಾರಕಗಳನ್ನು ದತ್ತು ಕೊಡುವ ಯೋಜನೆಯೂ 2023ರಿಂದ ಇದೆ. ಆದರೆ ಈ ಭಾಗದ ಪ್ರವಾಸೋದ್ಯಮಕ್ಕೆ ಸರಕಾರ ಕೊಟ್ಟ ದೊಡ್ಡ ನೆರವು ನನ್ನ ಮಟ್ಟಿಗೆ ಪ್ರವಾಸೋದ್ಯಮ ಇಲಾಖೆಯದಲ್ಲ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ! ಆಧಾರ್ ಚೀಟಿ ತೋರಿಸಿ ಸಾಮಾನ್ಯ ಸರಕಾರಿ ಬಸ್ಸಿನಲ್ಲಿ ಹೆಂಗಸರು ಟಿಕೆಟ್ಟಿನ ಹಣವಿಲ್ಲದೆ ಹೋಗಬಹುದು. ಗಂಡನ ಬಿಡುವನ್ನೂ ಜೇಬನ್ನೂ ಕಾಯದೆ ಅತ್ತೆ, ಸೊಸೆ, ನಾದಿನಿ ಸೇರಿ ಊರು ನೋಡಲು ಹೊರಟದ್ದು ಆಮೇಲೆಯೇ. ಇವರು ಐಷಾರಾಮಿ ರಿಸಾರ್ಟಿನ ಗಿರಾಕಿಗಳಲ್ಲ. ನೂರು ರೂಪಾಯಿಯ ಊಟ, ಇನ್ನೂರು ರೂಪಾಯಿಯ ಬೊಂಬೆ, ಮನೆಗೊಂದು ಕಿಲೋ ರಾಗಿ ಹಿಟ್ಟು ಕೊಳ್ಳುವವರು. ಆ ಹಣ ನೇರವಾಗಿ ಹಳ್ಳಿಯ ಹೆಂಗಸಿನ ಸೆರಗಿನ ಗಂಟಿಗೆ ಹೋಗುತ್ತದೆ. ಆದರೆ ಬಸ್ಸು ಉಚಿತವಾದರೆ ಸಾಲದು, ಬಸ್ಸು ಇರಬೇಕು. ಕನಕಪುರದಿಂದ ಸಂಗಮಕ್ಕೆ ರಜಾ ದಿನಗಳಲ್ಲಿ ಹೆಚ್ಚು ಬಸ್ಸು, ನಡುವೆ ದೊಡ್ಡಆಲಹಳ್ಳಿಯಲ್ಲಿ ಇಪ್ಪತ್ತು ನಿಮಿಷದ ನಿಲುಗಡೆ, ಅಲ್ಲಿ ಸ್ವಸಹಾಯ ಗುಂಪಿನವರು ನಡೆಸುವ ಊಟದ ಮನೆ ಮತ್ತು ಅವರೇ ಬೀಗದ ಕೈ ಇಟ್ಟುಕೊಂಡು ನೋಡಿಕೊಳ್ಳುವ ಶೌಚಾಲಯ. ಒಂದು ರೇಷ್ಮೆ ಮನೆಯ ಬಾಗಿಲು ತೆರೆದಿಟ್ಟು ಹುಳು ಸೊಪ್ಪು ತಿನ್ನುವ ಸದ್ದನ್ನು ಪೇಟೆಯ ಮಕ್ಕಳಿಗೆ ಕೇಳಿಸಿದರೂ ಸಾಕು, ಮಳೆ ಬಂದಂತೆ ಕೇಳಿಸುತ್ತದೆ ಅದು.

ಇದು ಆಗದ ಮಾತೇನಲ್ಲ. ತೆಲಂಗಾಣದ ಪೋಚಂಪಲ್ಲಿ ಎಂಬ ನೇಕಾರರ ಊರನ್ನು ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆ 2021ರಲ್ಲಿ ಅತ್ಯುತ್ತಮ ಪ್ರವಾಸಿ ಗ್ರಾಮಗಳ ಪಟ್ಟಿಗೆ ಸೇರಿಸಿತು. ಅಲ್ಲಿ ಜನ ನೋಡಲು ಹೋಗುವುದು ಅರಮನೆಯನ್ನಲ್ಲ, ಮಗ್ಗವನ್ನು. ಒಡಿಶಾದ ರಘುರಾಜಪುರದಲ್ಲಿ ಪಟಚಿತ್ರ ಬರೆಯುವವರ ಮನೆಗಳೇ ನೋಡುವ ಜಾಗ, ಮನೆಯ ಜಗಲಿಯೇ ಅಂಗಡಿ. ನಮ್ಮದೇ ಆನೆಗುಂದಿಯಲ್ಲಿ ಹೆಂಗಸರು ಬಾಳೆ ನಾರಿನಿಂದ ಚೀಲ, ಬುಟ್ಟಿ ಹೆಣೆದು ಹಂಪಿಗೆ ಬರುವವರಿಗೆ ಮಾರುತ್ತಾರೆ.

ನೀವು ಹೊರಡುವುದಾದರೆ ಮಳೆಗಾಲ ಮುಗಿದ ಮೇಲೆ ಹೊರಡಿ. ನವೆಂಬರಿನಿಂದ ಫೆಬ್ರವರಿ ಒಳ್ಳೆಯದು, ನದಿ ತುಂಬಿ ಹರಿಯುವಾಗ ಹರಿಗೋಲು ನಿಲ್ಲಿಸುತ್ತಾರೆ. ಸಂಗಮದಿಂದ ಹಿಂದಿರುಗುವ ಕೊನೆಯ ಬಸ್ಸಿನ ಹೊತ್ತನ್ನು ಇಳಿದ ತಕ್ಷಣ ಕಂಡಕ್ಟರನ್ನೇ ಕೇಳಿಟ್ಟುಕೊಳ್ಳಿ. ಚನ್ನಪಟ್ಟಣಕ್ಕೆ ಬೆಂಗಳೂರಿನಿಂದ ನೇರವಾಗಿ ಹೋಗುವವರು ಹೆದ್ದಾರಿಯ ಬಸ್ಸು ಬಿಟ್ಟು ಊರೊಳಗೆ ಹೋಗುವ ಬಸ್ಸನ್ನೋ ಮೈಸೂರಿನ ರೈಲನ್ನೋ ಹಿಡಿಯಿರಿ. ಬೊಂಬೆ ಕೊಳ್ಳುವಾಗ ಕೈಯಲ್ಲಿ ಹಿಡಿದು ನೋಡಿ. ಅರಗಿನ ಬಣ್ಣಕ್ಕೆ ಒಳಗಿನಿಂದ ಬಂದಂಥ ಹೊಳಪಿರುತ್ತದೆ, ಪೇಂಟಿನ ವಾಸನೆ ಇರುವುದಿಲ್ಲ, ಹಾಲೆಮರ ಹಗುರವಾಗಿರುತ್ತದೆ. ಸಾಧ್ಯವಾದರೆ ಅಂಗಡಿಯವರನ್ನು ಕೇಳಿ ಮಾಡುವ ಮನೆಗೇ ಹೋಗಿ. ಮಕ್ಕಳ ಕಣ್ಣೆದುರಿಗೇ ಒಂದು ಬುಗುರಿ ತಿರುಗಿಸಿ ಕೊಡುತ್ತಾರೆ. ಅಲ್ಲಿ ಚೌಕಾಸಿ ಬೇಡ.